ಫ್ಯೂಸ್ ಹೋದ್ರೆ ದೊಡ್ಡದು ಹಾಕೋದಾ? ಕಾರಿಗೆ ಹೊಸ ಲೈಟು ಹಾಕಿಸುವ ಮುನ್ನ ಓದಿ

ನಮ್ಮ ಕ್ಲಾಸಿನಲ್ಲಿ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಕಡೆಯವರು ಒಂದು ಬೆಂಚಿಗೊಬ್ಬರಂತೆ ಸಿಕ್ತಾರೆ. ಹಬ್ಬಕ್ಕೆ ಊರಿಗೆ ಹೊರಟರೆ ಯಾರದಾದರೂ ಮನೆ ಕಾರಲ್ಲಿ ನಾಲ್ಕೈದು ಜನ ತುಂಬಿಕೊಂಡು ಹೋಗೋದು ವಾಡಿಕೆ. ಹೋದ ಸಲ ಹಾಗೆ ಹೋಗುವಾಗ ಮಧುಗಿರಿ ದಾಟಿ ಮಿಡಿಗೇಶಿ ಕಡೆ ಹೊರಟಿದ್ದೆವು. ರಾತ್ರಿ ಒಂಬತ್ತೂವರೆ ಇರಬಹುದು. ಕಾರೊಳಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಗಾಡಿ ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿದರೆ, ಎರಡು ತಿಂಗಳ ಹಿಂದೆ ಹಾಕಿಸಿದ್ದ ಫಾಗ್ ಲೈಟಿನ ವೈರು ಮೆತ್ತಗಾಗಿ ಪಕ್ಕದ ವೈರುಗಳಿಗೆ ಅಂಟಿಕೊಂಡಿತ್ತು. ಸ್ವಿಚ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಳಚಿ, ಬೇರೆ ಗಾಡಿ ಬರೋವರೆಗೆ ಕಾದೆವು. ಹಿಂದಿನ ಸೀಟಲ್ಲಿ ಗೆಳೆಯನ ಅಜ್ಜಿ ಇದ್ದರು. ಇನ್ನರ್ಧ ಗಂಟೆ ವಾಸನೆ ಗಮನಿಸದೇ ಹೋಗಿದ್ದರೆ ಏನಾಗ್ತಿತ್ತೋ ಅಂತ ಈಗಲೂ ಅನ್ನಿಸುತ್ತೆ.

ಮಾರನೇ ದಿನ ಬಿಚ್ಚಿ ನೋಡಿದಾಗ ಕಥೆ ತಿಳಿಯಿತು. ಲೈಟು ಹಾಕಿದವರು ಹೊಸ ಲೈನ್ ಎಳೆದಿರಲಿಲ್ಲ. ಪಾರ್ಕಿಂಗ್ ಲೈಟಿನ ಸಣ್ಣ ವೈರನ್ನೇ ಕೆರೆದು, ಅದಕ್ಕೆ ಸುತ್ತಿ, ಟೇಪ್ ಹಾಕಿದ್ದರು. ಆ ಲೈನಿಗಿದ್ದ ಕಂದು ಬಣ್ಣದ 7.5 ಆಂಪಿಯರ್ ಫ್ಯೂಸು ಪದೇ ಪದೇ ಹೋಗ್ತಿತ್ತಂತೆ. ಅದಕ್ಕೆ ಸುಲಭ ಪರಿಹಾರ ಅಂತ ಹಸಿರು ಬಣ್ಣದ 30 ಆಂಪಿಯರ್ ಫ್ಯೂಸು ತುರುಕಿದ್ದರು. ಫ್ಯೂಸು ಹೋಗೋದು ನಿಂತಿತು, ವೈರು ಸುಡೋದು ಶುರುವಾಯಿತು.

ಓಮನ ನಿಯಮ ನಾವೆಲ್ಲ ಬರೆದು ಪಾಸಾಗಿದ್ದೀವಿ. ಆದರೂ ಅದು ಬಾನೆಟ್ ಕೆಳಗೆ ಹೇಗೆ ಕೆಲಸ ಮಾಡುತ್ತೆ ಅಂತ ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಈಗ ಒಂದೊಂದಾಗಿ ನೋಡೋಣ.

ಮೊದಲ ಪ್ರಶ್ನೆ: ಎಷ್ಟು ಕರೆಂಟು?

55 ವ್ಯಾಟಿನ ಎರಡು ಹ್ಯಾಲೊಜೆನ್ ದೀಪ ಅಂದರೆ 110 ವ್ಯಾಟ್. ಮನೆಯ 230 ವೋಲ್ಟಿನಲ್ಲಿ ಇದಕ್ಕೆ ಅರ್ಧ ಆಂಪಿಯರ್ ಕೂಡ ಬೇಡ. ಕಾರಿನ 12 ವೋಲ್ಟಿನಲ್ಲಿ 110 ಭಾಗಿಸು 12, ಅಂದರೆ 9.2 ಆಂಪಿಯರ್ ಬೇಕು. ವೋಲ್ಟೇಜ್ ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಕರೆಂಟು ಜಾಸ್ತಿ, ವೈರು ದಪ್ಪ. ಪಾವಗಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿರುಮಣಿ ಕಡೆ 13 ಸಾವಿರ ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕಿನ ವಿದ್ಯುತ್ತನ್ನು ನೂರಾರು ಕಿಲೋವೋಲ್ಟಿಗೆ ಏರಿಸಿ ಹೊರಗೆ ಕಳಿಸೋದು ಇದೇ ಕಾರಣಕ್ಕೆ. ಕಾರಿನಲ್ಲಿ ವೋಲ್ಟೇಜ್ ಏರಿಸೋಕೆ ಆಗಲ್ಲ, ಆದ್ದರಿಂದ ವೈರನ್ನೇ ದಪ್ಪ ಮಾಡಬೇಕು.

ನಮ್ಮ ಗೆಳೆಯನ ಕಾರಲ್ಲಿ ಪಾರ್ಕಿಂಗ್ ಲೈಟಿನ ಸುಮಾರು 1.7 ಆಂಪಿಯರ್ ಜೊತೆಗೆ ಈ 9.2 ಸೇರಿ ಹತ್ತಿರ ಹತ್ತಿರ 11 ಆಂಪಿಯರ್ ಹರೀತಿತ್ತು. ವೈರು 0.5 ಚದರ ಮಿಲಿಮೀಟರಿನದು. ತಾಮ್ರದ ಲೆಕ್ಕದಲ್ಲಿ ಅದರ ರೆಸಿಸ್ಟೆನ್ಸ್ ಒಂದು ಮೀಟರಿಗೆ ಸುಮಾರು 0.034 ಓಮ್. ಕರೆಂಟಿನ ವರ್ಗವನ್ನು ಇದಕ್ಕೆ ಗುಣಿಸಿದರೆ ಒಂದು ಮೀಟರ್ ವೈರು 4 ವ್ಯಾಟಿನಷ್ಟು ಬಿಸಿ ಕಕ್ಕುತ್ತೆ. ಸುತ್ತ ಬೇರೆ ವೈರುಗಳ ಕಟ್ಟು, ಪಕ್ಕದಲ್ಲಿ ಎಂಜಿನ್ನು, ಗಾಳಿ ಆಡಲ್ಲ. ಟೇಪ್ ಸುತ್ತಿದ ಸಡಿಲ ಜಾಯಿಂಟಿನಲ್ಲಂತೂ ರೆಸಿಸ್ಟೆನ್ಸ್ ಇನ್ನೂ ಜಾಸ್ತಿ. ಅದೇ 11 ಆಂಪಿಯರನ್ನು 2.5 ಚದರ ಮಿ.ಮೀ. ವೈರಿನಲ್ಲಿ ಕಳಿಸಿದ್ದರೆ ಬಿಸಿ ಐದನೇ ಒಂದು ಭಾಗಕ್ಕೆ ಇಳೀತಿತ್ತು.

ಎರಡನೇ ಪ್ರಶ್ನೆ: ಎಷ್ಟು ಉದ್ದ?

ಸುಡದೇ ಇದ್ದರೆ ಸಾಕಾ? ಸಾಲದು. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಮತ್ತೆ ಮುಂದಿನ ಬಂಪರಿಗೆ ಬರುವಷ್ಟರಲ್ಲಿ ವೈರು 5 ಮೀಟರ್ ಆಗುತ್ತೆ ಅಂದುಕೊಳ್ಳಿ. ನೆಗೆಟಿವ್ ಅನ್ನು ಬಾಡಿಗೆ ಅರ್ಥ್ ಕೊಟ್ಟಿದ್ದೀವಿ. 0.5 ಚದರ ಮಿ.ಮೀ. ವೈರಾದರೆ 9.2 ಆಂಪಿಯರಿಗೆ 1.6 ವೋಲ್ಟು ದಾರಿಯಲ್ಲೇ ಖರ್ಚಾಗುತ್ತೆ, ಅಂದರೆ ಶೇ. 13. ಹ್ಯಾಲೊಜೆನ್ ದೀಪದ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಇಳಿಯುತ್ತೆ. ಶೇ. 13 ವೋಲ್ಟೇಜ್ ಹೋದರೆ ಬೆಳಕು ಮೂರನೇ ಒಂದಕ್ಕಿಂತ ಹೆಚ್ಚು ಹೋಗುತ್ತೆ. ಕಾಸು ಕೊಟ್ಟು ಲೈಟು ಹಾಕಿಸಿ, ಅದರ ಬೆಳಕನ್ನು ವೈರಿನಲ್ಲೇ ಕಳೆದ ಹಾಗಾಯಿತು! 2.5 ಚದರ ಮಿ.ಮೀ. ಆದರೆ ನಷ್ಟ 0.32 ವೋಲ್ಟು, ಶೇ. 3ರ ಒಳಗೇ. ಈ ಶೇ. 3 ಅನ್ನೋದನ್ನು ಮಿತಿ ಅಂತ ಇಟ್ಟುಕೊಂಡರೆ ಒಳ್ಳೇದು. ನೆಗೆಟಿವ್‌ಗೂ ಬೇರೆ ವೈರು ಎಳೆಯುವುದಾದರೆ ಹೋಗೋದು ಬರೋದು ಎರಡೂ ಉದ್ದ ಸೇರಿಸಿ ಲೆಕ್ಕ ಹಾಕಿ.

ರಿಲೇ ಯಾಕೆ?

ಇಲ್ಲೇ ರಿಲೇ ಕೆಲಸಕ್ಕೆ ಬರೋದು. ಇದು ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು. ಬ್ಯಾಟರಿ ಹತ್ತಿರ ರಿಲೇ ಕೂರಿಸಿದರೆ ದೊಡ್ಡ ಕರೆಂಟು ಡ್ಯಾಶ್‌ಬೋರ್ಡಿಗೆ ಹೋಗಿ ಬರಬೇಕಿಲ್ಲ. ದಪ್ಪ ವೈರಿನ ಉದ್ದ ಎರಡು ಮೀಟರಿಗೆ ಇಳಿಯುತ್ತೆ. ಒಳಗಿನ ಸ್ವಿಚ್ಚಿಗೆ ತೆಳು ವೈರು ಸಾಕು. ರಿಲೇ ಕೆಳಗೆ ನಂಬರ್ ಇರುತ್ತೆ: 30ಕ್ಕೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬರುವ ವೈರು, 87ರಿಂದ ದೀಪಕ್ಕೆ, 85 ಮತ್ತು 86 ಸುರುಳಿಗೆ. ಇದರಲ್ಲಿ ಒಂದಕ್ಕೆ ಸ್ವಿಚ್ಚು, ಇನ್ನೊಂದಕ್ಕೆ ಅರ್ಥ್.

ಫ್ಯೂಸು ಯಾರನ್ನು ಕಾಯುತ್ತೆ?

ನಮಗೆಲ್ಲ ಇದ್ದ ದೊಡ್ಡ ತಪ್ಪು ತಿಳುವಳಿಕೆ ಇದೇ. ಫ್ಯೂಸು ಮುಖ್ಯವಾಗಿ ಕಾಯೋದು ವೈರನ್ನು. ವೈರು ಬಿಸಿಯಾಗಿ ಹಾಳಾಗುವ ಮೊದಲು ಫ್ಯೂಸು ಹೋಗಬೇಕು. ಹಾಗಾಗಿ ಲೆಕ್ಕ ಹೀಗೆ: ಕರೆಂಟಿಗೆ ಕಾಲು ಭಾಗ ಸೇರಿಸಿ (9.2ಕ್ಕೆ 11.5), ಅದರ ಮೇಲಿನ ಸೈಜು ತಗೊಳ್ಳಿ. ನಮ್ಮ ಉದಾಹರಣೆಗೆ ನೀಲಿ ಬಣ್ಣದ 15 ಆಂಪಿಯರ್. ಆಮೇಲೆ ಆ 15 ಆಂಪಿಯರನ್ನು ವೈರು ಆರಾಮಾಗಿ ಹೊರುತ್ತಾ ನೋಡಿ. ಹೊರಲ್ಲ ಅಂದರೆ ವೈರು ಬದಲಾಯಿಸಿ, ಫ್ಯೂಸು ದೊಡ್ಡದು ಮಾಡಬೇಡಿ. ಫ್ಯೂಸು ಇರಬೇಕಾದ್ದು ಬ್ಯಾಟರಿಯ ಪಕ್ಕದಲ್ಲಿ, ಒಂದು ಗೇಣಿನ ಒಳಗೆ. ದೀಪದ ಹತ್ತಿರ ಹಾಕಿದರೆ, ನಡುವೆ ಎಲ್ಲಾದರೂ ವೈರು ಬಾಡಿಗೆ ತಾಗಿದಾಗ ಅದು ಕೆಲಸಕ್ಕೆ ಬರಲ್ಲ.

ಎಲ್ಲದಕ್ಕೂ ಹೊಸ ಲೈನ್ ಬೇಕಾ?

ಬೇಡ. ಡ್ಯಾಶ್‌ಕ್ಯಾಮ್‌ನಂಥದಕ್ಕೆ ಅರ್ಧ ಆಂಪಿಯರೂ ಬೇಡ. ಫ್ಯೂಸ್ ಬಾಕ್ಸಿನಲ್ಲಿ ಸಿಕ್ಕಿಸುವ ಫ್ಯೂಸ್ ಟ್ಯಾಪ್ ಸಾಕು, ಅದರಲ್ಲಿ ಹೊಸ ಲೈನಿಗೆ ಬೇರೆ ಫ್ಯೂಸೇ ಇರುತ್ತೆ. ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಜಾಗ ಹುಡುಕಿ. ಯಾವಾಗಲೂ ಕರೆಂಟಿರುವ ಜಾಗಕ್ಕೆ ಕೊಟ್ಟರೆ ಏನಾಗುತ್ತೆ ನೋಡಿ: ಕ್ಯಾಮೆರಾ 0.3 ಆಂಪಿಯರ್ ಎಳೀತಾ ಇದೆ ಅನ್ನಿ. ಶುಕ್ರವಾರ ಸಂಜೆ ಶಿರಾದ ಮನೆ ಮುಂದೆ ನಿಲ್ಲಿಸಿದ ಕಾರನ್ನು ಸೋಮವಾರ ಬೆಳಿಗ್ಗೆ ತೆಗೆಯುವಾಗ 60 ಗಂಟೆಯಾಗಿರುತ್ತೆ. 18 ಆಂಪಿಯರ್-ಅವರ್ ಖಾಲಿ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧ ಹೋಯಿತು. ಬ್ಯಾಟರಿ ಹಳೇದಾಗಿದ್ದರೆ ತಳ್ಳೋಕೆ ಅಕ್ಕಪಕ್ಕದವರನ್ನು ಕರೀಬೇಕು.

ಟೈರಿಗೆ ಗಾಳಿ ಹಿಡಿಯುವ ಪಂಪು 10 ಆಂಪಿಯರ್ ಮೇಲೂ ಎಳೆಯಬಹುದು. ಸಾಕೆಟ್ಟಿಗೆ ಸಿಕ್ಕಿಸುವ ಮುನ್ನ ಪಂಪಿನ ಮೇಲಿನ ಲೇಬಲ್ಲನ್ನೂ ಆ ಸಾಕೆಟ್ಟಿನ ಫ್ಯೂಸನ್ನೂ ಹೋಲಿಸಿ ನೋಡಿ.

ಕೈ ಹಾಕುವ ಮುನ್ನ

ಮನೆ ವೈರಿಂಗಿಗೆ ತಂದು ಮಿಕ್ಕಿದ ವೈರು ಬೇಡ. ಗಾಡಿ ವೈರಿನ ಎಳೆಗಳು ಸಣ್ಣ, ಅಲುಗಾಟ ತಡೆಯುತ್ತವೆ, ಅದರ ಹೊದಿಕೆ ಬಿಸಿಯನ್ನೂ ಎಣ್ಣೆಯನ್ನೂ ತಾಳುತ್ತೆ. ಜಾಯಿಂಟುಗಳನ್ನು ಸುತ್ತಿ ಟೇಪ್ ಹಾಕದೆ ಲಗ್ ಹಾಕಿ ಕ್ರಿಂಪ್ ಮಾಡಿಸಿ. ತಗಡಿನ ತೂತಿನಲ್ಲಿ ವೈರು ಹಾಯುವ ಕಡೆ ರಬ್ಬರ್ ಗ್ರೊಮೆಟ್ ಇರಲೇಬೇಕು. ಅರ್ಥ್ ಕೊಡುವ ಜಾಗದಲ್ಲಿ ಪೇಂಟ್ ಕೆರೆದು ಬೋಲ್ಟ್ ಬಿಗಿ ಮಾಡಿ. ಹಳದಿ ಬಣ್ಣದ ವೈರು, ಕನೆಕ್ಟರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು, ಅವುಗಳನ್ನು ಮುಟ್ಟಬೇಡಿ. ವಾರಂಟಿ ಇರುವ ಕಾರಾದರೆ ಮೊದಲು ಸರ್ವೀಸ್ ಸೆಂಟರಿನಲ್ಲಿ ವಿಚಾರಿಸಿ. ಏನೇ ಮಾಡಿದರೂ ಬ್ಯಾಟರಿಯ ನೆಗೆಟಿವ್ ಮೊದಲು ಕಳಚಿ, ಕೊನೆಗೆ ಹಾಕಿ.

ಗೆಳೆಯನ ಕಾರಿಗೆ ಈಗ ಹೊಸ ಲೈನ್ ಎಳೆದಿದ್ದೀವಿ: 2.5 ಚದರ ಮಿ.ಮೀ. ವೈರು, ಒಂದು ರಿಲೇ, ಬ್ಯಾಟರಿ ಪಕ್ಕ 15 ಆಂಪಿಯರ್ ಫ್ಯೂಸು. ಪಾರ್ಕಿಂಗ್ ಲೈಟಿಗೆ ಅದರ ಹಳೇ 7.5 ವಾಪಸ್ ಬಂದಿದೆ. ಅರ್ಧ ಗಂಟೆ ಲೈಟು ಹಾಕಿಟ್ಟು ವೈರಿನ ಉದ್ದಕ್ಕೂ ಕೈಯಾಡಿಸಿ ನೋಡಿದೆವು, ಎಲ್ಲೂ ಬಿಸಿ ಇರಲಿಲ್ಲ. ಅಜ್ಜಿಗೆ ತೋರಿಸಿದರೆ, "ಓದಿದ್ದು ಈಗ ಉಪಯೋಗಕ್ಕೆ ಬಂತು ಕಣ್ರೋ" ಅಂದರು.

ಈ ಸಲ ಊರಿಗೆ ಹೋದಾಗ ನೀವೂ ಮನೆ ಕಾರಿನ ಫ್ಯೂಸ್ ಬಾಕ್ಸ್ ತೆಗೆದು, ಮುಚ್ಚಳದ ಮೇಲೆ ಬರೆದಿರುವ ನಂಬರಿಗೂ ಒಳಗಿರುವ ಫ್ಯೂಸಿಗೂ ತಾಳೆ ಇದೆಯಾ ನೋಡಿ. ಐದು ನಿಮಿಷದ ಕೆಲಸ ಅಷ್ಟೇ.