ಸಣ್ಣ ಪಟ್ಟಣಕ್ಕೆ ಕಸದ ವಾಹನ: ಆಯ್ಕೆಯ ಚಾರಿತ್ರಿಕ ವಿವೇಚನೆ

ಊರಿನ ನೈರ್ಮಲ್ಯವು ಆಡಳಿತಶಾಸ್ತ್ರಕ್ಕೆ ಸೇರಿದ ವಿಷಯವೆಂದೂ, ಕಸ ಸಾಗಿಸುವ ವಾಹನವು ಯಂತ್ರಶಾಸ್ತ್ರಕ್ಕೆ ಸೇರಿದ ವಿಷಯವೆಂದೂ ಭಾವಿಸುವುದು ವಾಡಿಕೆ. ಇವುಗಳಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಆದರೆ ಇಂದು ಸ್ಥಳೀಯ ಸಂಸ್ಥೆಗಳ ಮುಂದೆ ಮಾರಾಟಕ್ಕೆ ಬರುವ ಪ್ರತಿಯೊಂದು ಬಗೆಯ ವಾಹನವೂ ಯಾವುದೋ ಒಂದು ಕಾಲದಲ್ಲಿ, ಯಾವುದೋ ಒಂದು ನಾಡಿನ ಕಸಕ್ಕೆ ಪರಿಹಾರವಾಗಿ ಹುಟ್ಟಿದುದು. ಆ ಹುಟ್ಟನ್ನು ಅರಿಯದೆ ವಾಹನವನ್ನು ಕೊಂಡರೆ ಸಾರ್ವಜನಿಕ ಹಣವೂ ಕಾರ್ಮಿಕರ ಶ್ರಮವೂ ವ್ಯರ್ಥವಾಗುವ ಸಂಭವವುಂಟು. ಸುಮಾರು 10,000 ಜನರಿರುವ ಕರ್ನಾಟಕದ ಒಂದು ಪಟ್ಟಣವನ್ನು ದೃಷ್ಟಿಯಲ್ಲಿಟ್ಟುಕೊಂಡು ಈ ಆಯ್ಕೆಯ ತತ್ತ್ವಗಳನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಮನೆಯ ಕಸವೆಂದರೆ ಬಹುಮಟ್ಟಿಗೆ ಕಲ್ಲಿದ್ದಲ ಬೂದಿ. ಕಸ ಒಯ್ಯುವವನಿಗೆ ಅಲ್ಲಿ 'ಧೂಳಿನವನು' ಎಂಬರ್ಥದ ಹೆಸರೇ ರೂಢಿಯಾಗಿತ್ತು. ಆದುದರಿಂದ ಬೂದಿ ಹಾರದಂತೆ ಮುಚ್ಚುವುದೂ, ಭಾರವನ್ನು ಸುಲಭವಾಗಿ ಸುರಿಯುವುದೂ ಅಲ್ಲಿನ ಮುಖ್ಯ ಸಮಸ್ಯೆಗಳಾದುವು. 1897ರಲ್ಲಿ ಥಾರ್ನಿಕ್ರಾಫ್ಟ್ ಸಂಸ್ಥೆಯವರು ಲಂಡನ್ನಿನ ಬಳಿಯ ಚಿಸ್ವಿಕ್‌ಗಾಗಿ ನಿರ್ಮಿಸಿದ ಹಬೆಯ ಗಾಡಿಯು ತನ್ನ ಪೆಟ್ಟಿಗೆಯನ್ನು ತಾನೇ ಓರೆಮಾಡಿ ಕಸವನ್ನು ಸುರಿಯುತ್ತಿತ್ತು. 1923ರಲ್ಲಿ ಲೆಚ್‌ವರ್ತ್ ಪಟ್ಟಣದ ಶೆಲ್ವೋಕ್ ಮತ್ತು ಡ್ರೂರಿ ಸಂಸ್ಥೆಯವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರ ಮೋಟಾರು ಗಾಡಿಯ ಚಕ್ರಗಳು ಚಿಕ್ಕವು, ಪೆಟ್ಟಿಗೆಯು ನೆಲಕ್ಕೆ ಸಮೀಪ, ವೇಗ ಅಲ್ಪ. ಮನೆ ಮನೆಯ ಮುಂದೆ ನಿಂತು ಮುಂದುವರಿಯುವ ವಾಹನಕ್ಕೆ ವೇಗ ಮುಖ್ಯವಲ್ಲ, ಎತ್ತುವವನ ಅನುಕೂಲವೇ ಮುಖ್ಯವೆಂಬ ವಿವೇಕವು ಅದರ ರಚನೆಯಲ್ಲಿ ವ್ಯಕ್ತವಾಗಿತ್ತು.

ಅಮೆರಿಕದ ಪರಿಸ್ಥಿತಿ ಬೇರೆ. ಅಲ್ಲಿ ಕಾಗದ, ರಟ್ಟು, ಡಬ್ಬಿಗಳು ಹೆಚ್ಚಿದಂತೆ ಕಸವು ಹಗುರವಾಯಿತು, ಗಾತ್ರದಲ್ಲಿ ಮಾತ್ರ ಬೆಳೆಯಿತು. ಗಾಡಿ ತುಂಬಿದರೂ ಅದರಲ್ಲಿದ್ದುದು ಬಹುಪಾಲು ಗಾಳಿಯೇ. 1938ರಲ್ಲಿ ಗಾರ್ ವುಡ್ ಸಂಸ್ಥೆಯವರು ಹೊರತಂದ ವಾಹನವು ಹಿಂಬದಿಯಿಂದ ಕಸವನ್ನು ಪಡೆದು ಯಂತ್ರಬಲದಿಂದ ಅದುಮುತ್ತಿತ್ತು. ಇಂದು ಕಾಂಪ್ಯಾಕ್ಟರ್ ಎಂದು ಪ್ರಸಿದ್ಧವಾಗಿರುವ ವಾಹನದ ಪೂರ್ವಜ ಇದೇ. ಹಗುರವಾದ ಕಸಕ್ಕೆ ಅದು ಉಚಿತವಾದ ಪರಿಹಾರವೆಂಬುದು ನಿರ್ವಿವಾದ.

ನಮ್ಮ ಪಟ್ಟಣದ ಕಸದ ಸ್ವರೂಪವೇನು? ತರಕಾರಿಯ ಸಿಪ್ಪೆ, ಉಳಿದ ಅನ್ನ, ಬಾಳೆಯೆಲೆ, ಬಾಡಿದ ಹೂವು, ಎಳನೀರಿನ ಬುರುಡೆ, ಬೀದಿ ಗುಡಿಸಿದ ಮಣ್ಣು: ಇವೆಲ್ಲವೂ ತೇವವುಳ್ಳವು ಅಥವಾ ಭಾರವಾದವು. ಪಾಶ್ಚಾತ್ಯ ದೇಶಗಳ ಸಡಿಲ ಕಸವು ಒಂದು ಘನಮೀಟರಿಗೆ ಸುಮಾರು 100ರಿಂದ 150 ಕಿಲೋಗ್ರಾಂ ತೂಗಿದರೆ, ನಮ್ಮದು ಸುಮಾರು 400ರಿಂದ 500 ಕಿಲೋಗ್ರಾಂ ತೂಗುತ್ತದೆ. ಎಂದರೆ, ಅವರು ಯಂತ್ರದಿಂದ ಅದುಮಿ ಸಾಧಿಸುವ ಸಾಂದ್ರತೆಗೆ ನಮ್ಮ ಕಸವು ಅದುಮುವ ಮೊದಲೇ ಸಮೀಪವಾಗಿದೆ.

ಇದರ ಪರಿಣಾಮವನ್ನು ಲೆಕ್ಕದಿಂದ ತಿಳಿಯಬಹುದು. ಸಣ್ಣ ಪಟ್ಟಣಗಳಲ್ಲಿ ತಲೆಗೆ ದಿನವೊಂದಕ್ಕೆ 200ರಿಂದ 300 ಗ್ರಾಂ ಕಸವೆಂದು ಅಂದಾಜು. 250 ಗ್ರಾಂ ಎಂದು ಹಿಡಿದರೆ 10,000 ಜನರಿಂದ 2,500 ಕಿಲೋಗ್ರಾಂ ಆಗುತ್ತದೆ. ಗಾತ್ರ ಸುಮಾರು 5ರಿಂದ 6 ಘನಮೀಟರು. ಪೆಟ್ಟಿಗೆಯನ್ನೂ ಎತ್ತುವ ಯಂತ್ರವನ್ನೂ ಜೋಡಿಸಿದ ಮೇಲೆ ಒಂದು ಚಿಕ್ಕ ಆಟೋ ಟಿಪ್ಪರು 600 ಕಿಲೋಗ್ರಾಂ ಹೊರಬಲ್ಲುದೆಂದೂ, ಅದರ ಪೆಟ್ಟಿಗೆಯು 1.8 ಘನಮೀಟರಿನದೆಂದೂ ಇಟ್ಟುಕೊಳ್ಳೋಣ. ತೇವದ ಕಸದಿಂದ ಪೆಟ್ಟಿಗೆ ತುಂಬುವ ಮೊದಲೇ ತೂಕದ ಮಿತಿ ಮುಗಿದುಹೋಗುತ್ತದೆ. ಸ್ಥಳ ಉಳಿದಿರುವಾಗಲೇ ಭಾರ ಮೀರುವ ವಾಹನಕ್ಕೆ ಅದುಮುವ ಯಂತ್ರವನ್ನು ಜೋಡಿಸಿದರೆ ಆ ಯಂತ್ರದ ತೂಕವೂ ಅದರ ಮೇಲೆಯೇ ಬೀಳುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಮೇಲಾಗಿ, ಅದುಮಿದ ಹಸಿ ಕಸದಿಂದ ಒಸರುವ ಕೊಳೆನೀರು ದಾರಿಯುದ್ದಕ್ಕೂ ಸುರಿಯುವ ಅಪಾಯವಿರುತ್ತದೆ.

ಹಾಗಾದರೆ 2,500 ಕಿಲೋಗ್ರಾಮನ್ನು ಒಂದೇ ಸಲಕ್ಕೆ ಸಾಗಿಸುವ ದೊಡ್ಡ ಲಾರಿ ಸಾಲದೆ ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿ ನಿರ್ಣಾಯಕವಾದುದು ಕಾಲ. ಮನೆಗೆ ಐವರಂತೆ ಊರಿನಲ್ಲಿ 2,000 ಮನೆಗಳಿದ್ದು, ಪ್ರತಿಯೊಂದರ ಮುಂದೆಯೂ ವಾಹನವು ಅರ್ಧ ನಿಮಿಷ ಮಾತ್ರ ನಿಂತರೂ 1,000 ನಿಮಿಷಗಳು, ಎಂದರೆ ಹದಿನಾರು ಗಂಟೆಗಿಂತ ಅಧಿಕ ಕಾಲ ಬೇಕು. ಒಂದು ದೊಡ್ಡ ವಾಹನಕ್ಕೆ ಇದು ಅಸಾಧ್ಯ. ಓಣಿಗಳಲ್ಲಿ ಅದು ತಿರುಗುವುದೂ ಕಷ್ಟ. ಮೂರು ಚಿಕ್ಕ ವಾಹನಗಳು ಕೆಲಸವನ್ನು ಹಂಚಿಕೊಂಡರೆ ತಲಾ ಐದೂವರೆ ಗಂಟೆಯಲ್ಲಿ ಮನೆಗಳ ಸುತ್ತು ಪೂರೈಸಿ, ಎರಡೆರಡು ಸಲ ವಿಲೇವಾರಿ ಸ್ಥಳಕ್ಕೆ ಹೋಗಿ ಬರಬಹುದು. ಒಂದು ಕೆಟ್ಟು ನಿಂತರೂ ಊರಿನ ಕೆಲಸ ಪೂರ್ತಿ ನಿಲ್ಲುವುದಿಲ್ಲ. ಆ ಸ್ಥಳವು ಬಹುದೂರದಲ್ಲಿದ್ದರೆ ಮಾತ್ರ ಚಿಕ್ಕವುಗಳಿಂದ ದೊಡ್ಡದಕ್ಕೆ ವರ್ಗಾಯಿಸುವ ಯೋಚನೆ ಯುಕ್ತವಾದೀತು.

ಮತ್ತೊಂದು ವಿಚಾರ ವಿಂಗಡಣೆಯದು. 1883ರ ನವೆಂಬರಿನಲ್ಲಿ ಪ್ಯಾರಿಸ್ ಪ್ರಾಂತದ ಆಡಳಿತಾಧಿಕಾರಿ ಯುಜೀನ್ ಪುಬೆಲ್ ಅವರು ಮನೆಗಳ ಕಸವನ್ನು ಮೂರು ಪಾತ್ರೆಗಳಲ್ಲಿ ಬೇರ್ಪಡಿಸಿಡಬೇಕೆಂದು ಆಜ್ಞೆ ಹೊರಡಿಸಿದರು. ನಮ್ಮಲ್ಲಿ ಅಲ್ಮಿತ್ರಾ ಪಟೇಲರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ದಾವೆಯ ತರುವಾಯ 2000ದ ನಿಯಮಗಳು ಬಂದುವು. 2016ರ ನಿಯಮಗಳು ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂಬ ಮೂರು ಭಾಗಗಳನ್ನು ವಿಧಿಸಿದುವು. ಗೃಹಿಣಿಯು ಬೇರ್ಪಡಿಸಿ ಕೊಟ್ಟುದನ್ನು ವಾಹನವು ಒಂದೇ ಪೆಟ್ಟಿಗೆಯಲ್ಲಿ ಬೆರಸಿದರೆ ಆಕೆ ಮರುದಿನದಿಂದ ಬೇರ್ಪಡಿಸುವುದನ್ನೇ ಬಿಡುತ್ತಾಳೆ. ಗೊಬ್ಬರವಾಗಬೇಕಾದುದು ತಿಪ್ಪೆಯ ಪಾಲಾಗುತ್ತದೆ. ಆದುದರಿಂದ ಮುಚ್ಚಳವುಳ್ಳ, ನಡುವೆ ತಡೆಯಿರುವ ಪೆಟ್ಟಿಗೆಯು ಅಲಂಕಾರವಲ್ಲ, ಅವಶ್ಯಕತೆ.

ಕೊನೆಯದಾಗಿ, ಎತ್ತುವ ಕೈಗಳ ವಿಚಾರ. ಕರ್ನಾಟಕದಲ್ಲಿ 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ನಿಷೇಧಿಸಲಾಯಿತು. ತಲೆಯ ಮೇಲಿನ ಭಾರವನ್ನು ಇಳಿಸಿದ ನಾಡಿನಲ್ಲಿ, ಪೌರಕಾರ್ಮಿಕರು ತುಂಬಿದ ಬುಟ್ಟಿಯನ್ನು ತಲೆಯೆತ್ತರಕ್ಕೆ ಎತ್ತಿ ಟ್ರ್ಯಾಕ್ಟರ್ ಟ್ರೈಲರಿಗೆ ಸುರಿಯಬೇಕಾಗುವುದು ಶೋಭೆಯಲ್ಲ. ಕಸ ತುಂಬುವ ಅಂಚು ಸೊಂಟದ ಮಟ್ಟವನ್ನು ಬಹಳವಾಗಿ ಮೀರಬಾರದು. ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು 'ಸ್ವಚ್ಛ ವಾಹಿನಿ'ಯನ್ನು ತಾವೇ ನಡೆಸುತ್ತಿರುವುದರಿಂದ ಈ ಅಳತೆಗೆ ಮತ್ತಷ್ಟು ಮಹತ್ತ್ವ ಬಂದಿದೆ.

ಮೇಲ್ಕಂಡ ವಿವೇಚನೆಯಿಂದ ಹೊರಡುವ ಕ್ರಮವು ಸರಳವಾದುದು. ಟೆಂಡರು ಕರೆಯುವ ಮೊದಲು ಒಂದು ವಾರ ಕಾಲ ಊರಿನ ಕಸವನ್ನು ತೂಗಬೇಕು, ಮನೆಗಳನ್ನು ಎಣಿಸಬೇಕು, ಅತಿ ಇಕ್ಕಟ್ಟಾದ ಓಣಿಯನ್ನು ಅಳೆಯಬೇಕು, ವಿಲೇವಾರಿ ಸ್ಥಳದ ದೂರವನ್ನು ಗುರುತಿಸಬೇಕು, ರಿಪೇರಿಯು ಸಮೀಪದಲ್ಲಿ ದೊರೆಯುವುದೇ ಎಂದು ವಿಚಾರಿಸಬೇಕು, ಗಾಡಿಯ ಅಂಚಿನ ಪಕ್ಕದಲ್ಲಿ ಕಾರ್ಮಿಕರನ್ನು ನಿಲ್ಲಿಸಿ ನೋಡಬೇಕು. ಲೆಚ್‌ವರ್ತಿನವರೂ ಡೆಟ್ರಾಯಿಟಿನವರೂ ತಂತಮ್ಮ ಊರುಗಳ ಕಸವನ್ನು ನೋಡಿ ವಾಹನವನ್ನು ಕಟ್ಟಿದರು. ಅವರಿಂದ ನಾವು ಪಡೆಯಬೇಕಾದುದು ಆ ವಿಧಾನವನ್ನೇ ಹೊರತು, ಅವರ ವಾಹನವನ್ನಲ್ಲ.