ಬೇಟೆಯ ಹಕ್ಕಿ ಬೇಡ, ಮನೆಯ ಹುಂಜ ಸಾಕು



ಅಮೆರಿಕದಲ್ಲಿ ಕಾಡು ಟರ್ಕಿ ಕೋಳಿಯನ್ನು ಪರವಾನಿಗೆ ಪಡೆದು ಬೇಟೆಯಾಡಿ ಉಣ್ಣುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಹೊಲದ ಬದುವಿನ ಗೌಜಲಕ್ಕಿ, ಲಾವಕ್ಕಿ, ನವಿಲುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಉರುಲು ಹಾಕುವುದು ಅಪರಾಧ. ನವಿಲು ಕೊಂದರೆ ಕನಿಷ್ಠ 3 ವರ್ಷ ಸೆರೆವಾಸ.

ಆದರೆ ಕಾಡು ಟರ್ಕಿಯನ್ನು ಬೇಯಿಸುವ ಕ್ರಮ ನಮ್ಮ ಬಲಿತ ಜವಾರಿ ಹುಂಜಕ್ಕೂ ಒಪ್ಪುತ್ತದೆ. ಓಡಾಡಿ ಬೆಳೆದ ಕೋಳಿಯಲ್ಲಿ ಕೊಬ್ಬು ಕಡಿಮೆ, ಕಾಲಿನ ಮಾಂಸ ಗಟ್ಟಿ. ಆದ್ದರಿಂದ ಕಾಲು, ರೆಕ್ಕೆ, ಕುತ್ತಿಗೆಗಳಿಗೆ ಅರಿಷಿಣ, ಉಪ್ಪು, ಶುಂಠಿ, ಬೆಳ್ಳುಳ್ಳಿ ಹಚ್ಚಿ, ನೀರು ಹಾಕಿ, ಸಣ್ಣ ಉರಿಯಲ್ಲಿ ಎರಡು ತಾಸು ಬೇಯಿಸಬೇಕು. ಎದೆಯ ತುಂಡುಗಳನ್ನು ಕೊನೆಯ ಅರ್ಧ ತಾಸಿಗೆ ಹಾಕಿರಿ. ಮೊದಲೇ ಹಾಕಿದರೆ ಒಣಗಿ ನಾರಾಗುತ್ತವೆ. ಬಳಿಕ ಹುರಿದ ಉಳ್ಳಾಗಡ್ಡಿ, ಒಣಕೊಬ್ಬರಿ ಅರೆದು, ಮಸಾಲೆ ಖಾರ ಸೇರಿಸಿ ಕುದಿಸಿರಿ. ಉಳಿದ ಎಲುಬುಗಳನ್ನು ಚೆಲ್ಲದೆ ಮತ್ತೆ ಕುದಿಸಿದರೆ ಮುದುಕರಿಗೆ, ಬಾಣಂತಿಯರಿಗೆ ತೆಳು ಸಾರು ಸಿಗುತ್ತದೆ.

ಎಚ್ಚರಿಕೆಯ ಮಾತೊಂದು. 2006ರಲ್ಲಿ ನಮ್ಮ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿ ಜ್ವರ ಬಂದು ಲಕ್ಷಾಂತರ ಕೋಳಿಗಳನ್ನು ಕೊಲ್ಲಬೇಕಾಯಿತು. ತಾನಾಗಿ ಸತ್ತ ಹಕ್ಕಿ, ಕಾಡಿನದಾಗಲಿ ಮನೆಯದಾಗಲಿ, ಅಡುಗೆಗೆ ಬೇಡ. ಬರಿಗೈಯಿಂದ ಮುಟ್ಟದೆ ಪಶುವೈದ್ಯರಿಗೆ ತಿಳಿಸಿರಿ. ಹಸಿ ಮಾಂಸ ಕೊಯ್ದ ಚಾಕು, ಹಲಗೆ, ಕೈಗಳನ್ನು ಸಾಬೂನಿನಿಂದ ತೊಳೆಯಿರಿ. ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ರೋಗಾಣುಗಳು ಸಾಯುತ್ತವೆ. ಎರಡು ತಾಸಿನ ಕುದಿ ಇದಕ್ಕೆ ಧಾರಾಳವಾಗಿ ಸಾಕು.

ಐದು ಸಾವಿರ ಜನ ಉಂಡ ಮೇಲೂ ಪ್ರಭು ತುಣುಕುಗಳನ್ನು ಕೂಡಿಸಲು ಹೇಳಿದರು. ಕೊಯ್ದ ಕೋಳಿಯನ್ನು ನಾವೂ ಹಾಳುಮಾಡದೆ, ನೆರೆಯವರಿಗೊಂದು ಬಟ್ಟಲು ಕೊಟ್ಟು ಉಣ್ಣೋಣ.