ಸಮುದ್ರಕ್ಕೆ ಸೋರಿದ ತೈಲದ ಮೇಲೆ ಸೋಪಿನ ಪುಡಿ ಸುರಿದರೆ ಸಾಕೇ?

ಪಾತ್ರೆಯ ಜಿಡ್ಡು ಸೋಪಿಗೆ ಬಿಡುತ್ತದೆ. ಹಾಗಾದರೆ ಹಡಗಿನಿಂದ ಸೋರಿದ ತೈಲಕ್ಕೂ ಸೋಪಿನ ಪುಡಿ ಸುರಿದರೆ ಆಯಿತಲ್ಲ? ಹೀಗೆ ಅನ್ನಿಸುವುದು ಸಹಜ. ಆದರೆ ನಿಜ ಬೇರೆಯೇ ಇದೆ.

ಸೋಪು ಏನು ಮಾಡುತ್ತದೆ?

ಸೋಪು ತೈಲವನ್ನು ನಾಶ ಮಾಡುವುದಿಲ್ಲ. ಸಣ್ಣ ಹನಿಗಳಾಗಿ ಒಡೆದು ನೀರಿಗೆ ಬೆರೆಸುತ್ತದೆ, ಅಷ್ಟೇ. ಆಗ ಮೇಲೆ ತೇಲುತ್ತಿದ್ದ ತೈಲ ಮೀನಿನ ಮೊಟ್ಟೆ, ಸಿಗಡಿ ಇರುವ ಕೆಳಗಿನ ನೀರಿಗೆ ಇಳಿಯುತ್ತದೆ. ನಮ್ಮ ಕಣ್ಣಿಗೆ ಮಾತ್ರ ಮಾಯ!

1967ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಬಳಿ 'ಟೋರಿ ಕ್ಯಾನ್ಯನ್' ಎಂಬ ತೈಲ ಹಡಗು ಬಂಡೆಗೆ ಬಡಿಯಿತು. ಅದರಲ್ಲಿದ್ದದ್ದು 1 ಲಕ್ಷ ಟನ್‌ಗೂ ಹೆಚ್ಚು ಕಚ್ಚಾ ತೈಲ. ಅದನ್ನು ತೊಳೆಯಲು ಸುಮಾರು 10,000 ಟನ್ ಡಿಟರ್ಜೆಂಟ್ ಸುರಿದರು. ಬಂಡೆಗೆ ಅಂಟಿ ಬದುಕುವ ಚಿಪ್ಪುಜೀವಿಗಳು ತೈಲಕ್ಕಿಂತ ಹೆಚ್ಚಾಗಿ ಆ ಡಿಟರ್ಜೆಂಟ್‌ನಿಂದಲೇ ಸತ್ತವು. ಈಗ ವಿಷ ಕಡಿಮೆ ಇರುವ ರಾಸಾಯನಿಕಗಳಿವೆ. ಆದರೆ ಅವನ್ನು ಎಲ್ಲಿ, ಯಾವಾಗ ಬಳಸಬೇಕೆಂದು ಪರಿಣತರೇ ತೀರ್ಮಾನಿಸಬೇಕು.

ಹಾಗಾದರೆ ಬಾಚಿ ತೆಗೆಯಬಹುದೇ?

ತೇಲುವ ಬೇಲಿಯಂಥ 'ಬೂಮ್' ಹಾಕಿ ತೈಲವನ್ನು ತಡೆದು, 'ಸ್ಕಿಮ್ಮರ್' ಯಂತ್ರದಿಂದ ಎತ್ತುತ್ತಾರೆ. ಆದರೆ ತೈಲ ಬೇಗ ತೆಳುವಾಗಿ ಹರಡುತ್ತದೆ, ಅಲೆ ಜೋರಾದರೆ ಬೇಲಿ ದಾಟುತ್ತದೆ. ತೆರೆದ ಸಮುದ್ರದಲ್ಲಿ ಶೇ 10-15ರಷ್ಟು ಸಿಕ್ಕರೂ ದೊಡ್ಡದು. ಆದ್ದರಿಂದ ಸೋರದಂತೆ ತಡೆಯುವುದೇ ನಿಜವಾದ ಮದ್ದು.

1989ರಲ್ಲಿ ಅಲಾಸ್ಕಾದಲ್ಲಿ 'ಎಕ್ಸಾನ್ ವಾಲ್ಡೀಜ್' ಹಡಗಿನಿಂದ ಸುಮಾರು 37,000 ಟನ್ ತೈಲ ಸೋರಿತು. ಆ ಬಳಿಕ ತೈಲ ಹಡಗುಗಳಿಗೆ ಎರಡು ಪದರದ ಹೊರಕವಚ ಕಡ್ಡಾಯವಾಗುತ್ತಾ ಬಂತು. ಹೊರಪದರ ಒಡೆದರೂ ಒಳಪದರ ತೈಲವನ್ನು ಹಿಡಿದಿಡಬಲ್ಲದು.

ತೈಲ ಹಡಗಷ್ಟೇ ಅಲ್ಲ, ಪ್ರತಿ ಸರಕು ಹಡಗಿನಲ್ಲೂ ಇಂಧನ ಇರುತ್ತದೆ. 2022ರ ಜೂನ್‌ನಲ್ಲಿ ನಮ್ಮ ಉಳ್ಳಾಲದ ಬಳಿ ಮುಳುಗಿದ 'ಪ್ರಿನ್ಸೆಸ್ ಮಿರಾಲ್' ಹೊತ್ತಿದ್ದದ್ದು ಉಕ್ಕು. 15 ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್ ರಕ್ಷಿಸಿತು. ಆಮೇಲೆ ಉಳಿದ ಚಿಂತೆ ಹಡಗಿನೊಳಗಿನ ಇಂಧನದ್ದೇ. ಇಂಥ ಹೊತ್ತಿಗಾಗಿಯೇ ನಮ್ಮ ದೇಶದಲ್ಲಿ 1996ರಿಂದ ರಾಷ್ಟ್ರೀಯ ಯೋಜನೆಯೊಂದಿದೆ. ಅದರ ಹೊಣೆ ಕೋಸ್ಟ್ ಗಾರ್ಡ್‌ನದು.

ನಾವೇನು ಮಾಡಬಹುದು?

• ಸಮುದ್ರದಲ್ಲಿ ತೈಲ ಕಂಡರೆ ಕೋಸ್ಟ್ ಗಾರ್ಡ್‌ನ 1554ಕ್ಕೆ ಕರೆ ಮಾಡಿ. ಜಾಗ, ಸಮಯ ತಿಳಿಸಿ.
• ದಡಕ್ಕೆ ಬಂದ ತೈಲ, ಟಾರ್ ಉಂಡೆಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮಕ್ಕಳನ್ನು ದೂರವಿಡಿ.
• ಸೋಪು, ಡಿಟರ್ಜೆಂಟ್ ಸುರಿಯಬೇಡಿ.
• 'ಕರಾವಳಿಯ ಮೀನೆಲ್ಲ ವಿಷ' ಎಂಬ ಸಂದೇಶ ಬಂದರೆ, ಅಧಿಕೃತ ಪ್ರಕಟಣೆ ನೋಡದೆ ಫಾರ್ವರ್ಡ್ ಮಾಡಬೇಡಿ. ತೈಲ ತಲುಪದ ಊರಿನ ಮೀನುಗಾರರ ಅನ್ನವನ್ನೂ ಅದು ಕಸಿಯುತ್ತದೆ.